ಹೋಗದ ಸಂದೇಶ

ನಾನು ದಾಖಲೆ ನೋಡಿಕೊಳ್ಳುತ್ತಿದ್ದ ಜಯನಗರದ ಆಸ್ಪತ್ರೆಯಲ್ಲಿ, ಕಂಪ್ಯೂಟರಿನ ಪಟ್ಟಿಯಲ್ಲಿ ರೋಗಿಯ ವಿವರ ಬದಲಾದೊಡನೆ ಮನೆಯವರ ಮೊಬೈಲಿಗೆ ‘ಕೂಡಲೇ ಬನ್ನಿ’ ಎಂಬ ಸಂದೇಶ ತಾನಾಗಿಯೇ ಹೋಗುತ್ತಿತ್ತು. ವಾರ್ಡುಗಳ ಸಂಖ್ಯೆ ಬದಲಾದಾಗ, ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದು ಇಡೀ ಪಟ್ಟಿಯನ್ನು ಒಮ್ಮೆಲೇ ತಿದ್ದಲು ಹುಬ್ಬಳ್ಳಿ ಕಡೆಯ ಇಂಜಿನಿಯರ್ ಒಬ್ಬರು ಬಂದರು. ಎಲ್ಲರ ಮನೆಗೂ ಸುಳ್ಳು ಕರೆ ಹೋಗಬಾರದು, ಮೊದಲು ಸಂದೇಶ ನಿಲ್ಲಿಸಿ ಎಂದೆ.

“ಬಂದ್ ಮಾಡೇನ್ರಿ ಮೇಡಂ,” ಎಂದರು. ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಒಬ್ಬ ರೋಗಿಯ ಸ್ಥಿತಿ ಬಿಗಡಾಯಿಸಿತು. ವೈದ್ಯರು ಅದನ್ನು ಪಟ್ಟಿಯಲ್ಲಿ ನಮೂದಿಸಿದರು. ರೋಗಿಯ ಪತ್ನಿ ಯಡಿಯೂರಿನಿಂದ ಗಂಜಿ ತರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

“ಮೆಸೇಜ್ ಬರ್ಲಿಲ್ವಲ್ಲ ಮೇಡಂ. ಚೆನ್ನಾಗಿದಾರೆ ಅಂದ್ಕೊಂಡು ನಿಧಾನಕ್ಕೆ ಹೊರಟೆ,” ಎಂದರು ಆಕೆ.

ಇಂಜಿನಿಯರ್ ಪರದೆ ನೋಡಿ ತಲೆ ತಗ್ಗಿಸಿದರು. “ಮೆಸೇಜ್ ಬಂದ್ ಮಾಡೋದು ಸ್ಕ್ರಿಪ್ಟಿನ ಮೊದಲ್ನೇ ಸಾಲ್ರೀ, ಚಾಲೂ ಮಾಡೋದು ಕಡೀದು. ಸ್ಕ್ರಿಪ್ಟ್ ನಡುವ ನಿಂತಿತ್ತು, ಉಳಿದದ್ದು ಕೈಲೆ ತಿದ್ದಿದೆ. ಕಡೀ ಸಾಲು ಓಡೇ ಇಲ್ಲ.”

ನಿಲ್ಲಿಸಿದಿರಾ ಎಂದು ಎರಡು ಬಾರಿ ಕೇಳಿದ್ದ ನಾನು, ಮತ್ತೆ ಆರಂಭಿಸಿದಿರಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಷ್ಟನ್ನೂ ವರದಿಯಲ್ಲಿ ಬರೆಯಲು ಕುಳಿತೆ. ಆಸ್ಪತ್ರೆಯ ನಮೂನೆಯಲ್ಲಿ ತಪ್ಪಾಗಿ ಹೋದ ಸಂದೇಶಕ್ಕೆ ಅಂಕಣವಿತ್ತು; ಹೋಗದೇ ಉಳಿದದ್ದಕ್ಕೆ ಇರಲಿಲ್ಲ.