ವಾರಕ್ಕೊಂದೇ ಕ್ಷೌರ

ಕಚ್, ಕಚ್. ಕೂದಲು ಸಿಗದಿದ್ದರೂ ಗಾಳಿಯಲ್ಲೇ ಎರಡು ಸಲ ಕತ್ತರಿ ಆಡಿಸುವುದು ಆ ಕ್ಷೌರಿಕನ ಅಭ್ಯಾಸ. ಮೂವತ್ತೇಳು ವರ್ಷ, ಎರಡು ಕುರ್ಚಿಯ ಅಂಗಡಿ, ನುಣುಪು ಕೆನ್ನೆ. ಆ ಕೆನ್ನೆಯೇ ಅವನ ಜಾಹೀರಾತು.

"ವಾರಕ್ಕೊಂದ್ಸಲ ಕೆರೆದ್ರೆ ಸಾಕು ನಂಗೆ. ಕೈ ಅಂದ್ರೆ ಇದು," ಎಂದು ಕೊಚ್ಚಿಕೊಳ್ಳುತ್ತಿದ್ದ. ತನ್ನ ಗಡ್ಡ ಬೆಳೆಯುವುದೇ ಕಡಿಮೆಯಾಗಿದೆಯೆಂದು, ದಿನವಿಡೀ ಗಡ್ಡ ನೋಡುವವನಿಗೇ ಹೊಳೆಯಲಿಲ್ಲ. ಸಂಜೆಯ ಸುಸ್ತನ್ನು ನಿಂತು ನಿಂತು ಆದದ್ದೆಂದುಕೊಂಡ.

ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಪಕ್ಕದ ಬೀದಿಯಲ್ಲಿದ್ದ ಅವನ ಅಕ್ಕ, ಮಕ್ಕಳಾಗಲೆಂದು ಅವನ ಹೆಂಡತಿಗೆ ಒಂದಾದ ಮೇಲೊಂದು ಕಹಿ ಔಷಧಿ ಕುಡಿಸಿದಳು. ಅವಳು ಮೂಗು ಹಿಡಿದು ಕುಡಿದಳು. ಇವನು ಎದ್ದು ಅಂಗಡಿಗೆ ಹೋಗುತ್ತಿದ್ದ.

ಕೊನೆಗೆ ಹೆಂಡತಿಯೇ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಅವಳ ಪರೀಕ್ಷೆಗಳೆಲ್ಲ ಸರಿಯಿದ್ದವು. ಡಾಕ್ಟರಮ್ಮ ಅವನತ್ತ ತಿರುಗಿದರು.

"ಗಡ್ಡ ದಿನಾ ತೆಗೀತೀರಾ?"

"ವಾರಕ್ಕೊಂದ್ಸಲ ಮೇಡಂ. ಕೈ ಹಾಗಿದೆ."

"ಮದುವೆಯಾದ ಹೊಸದರಲ್ಲಿ ಬೆಳಿಗ್ಗೆ ಕೆರೆದ್ರೆ ಸಂಜೆಗೆಲ್ಲ ಚುಚ್ಚೋದು," ಎಂದಳು ಹೆಂಡತಿ.

ರಕ್ತ ಕೊಟ್ಟ, ತಲೆಯ ಸ್ಕ್ಯಾನ್ ಮಾಡಿಸಿದ. ವರದಿ ಬಂದ ದಿನ ಇಬ್ಬರೂ ಮತ್ತೆ ಹೋದರು.

"ಮಿದುಳಿನ ಬುಡದಲ್ಲಿ ಪಿಟ್ಯುಟರಿ ಅಂತ ಕಡಲೆಕಾಳಿನಷ್ಟು ಗ್ರಂಥಿ," ಎಂದರು ಡಾಕ್ಟರಮ್ಮ. "ಮೈ ಬೆಳೆಯೋಕೆ, ಹೆಂಗಸರ ಮುಟ್ಟಿಗೆ, ಬಾಣಂತಿಯ ಹಾಲಿಗೆ, ಗಂಡಸರ ವೀರ್ಯಕ್ಕೆ, ಎಲ್ಲಕ್ಕೂ ರಕ್ತದಲ್ಲಿ ಅಲ್ಲಿಂದಲೇ ಅಪ್ಪಣೆ ಹೋಗುತ್ತೆ. ನಿಮಗೆ ಅಲ್ಲೊಂದು ಪುಟ್ಟ ಗಂಟಾಗಿದೆ. ಹಾಲಿನ ಹಾರ್ಮೋನು, ಪ್ರೊಲ್ಯಾಕ್ಟಿನ್, ಅದನ್ನ ಅತಿಯಾಗಿ ಸುರೀತಿದೆ. ಮಿಕ್ಕ ಅಪ್ಪಣೆಗಳ ಬಾಯಿ ಮುಚ್ಚಿಸಿದೆ. ಗಡ್ಡ ಕಡಿಮೆಯಾದದ್ದೂ, ಮಕ್ಕಳಾಗದ್ದೂ ಅದಕ್ಕೇ."

"ತಲೆ ಕೊಯ್ಯಬೇಕಾ?"

"ಬೇಡ. ಕ್ಯಾನ್ಸರ್ ಅಲ್ಲ. ವಾರಕ್ಕೆರಡು ಮಾತ್ರೆ. ಸಾಮಾನ್ಯವಾಗಿ ಅದರಲ್ಲೇ ಕುಗ್ಗುತ್ತೆ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ನಕ್ಕರು. "ಊರವರ ತಲೆಯೆಲ್ಲ ನೋಡ್ತೀರಿ, ನಿಮ್ಮದೊಂದು ಬಿಟ್ಟು," ಎಂದು ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ, "ಅಕ್ಕನಿಗೆ ನೀವೇ ಹೇಳ್ಬೇಕು," ಎಂದಳು.

ಒಂಬತ್ತು ತಿಂಗಳಾದರೂ ಅವನು ಅಕ್ಕನಿಗೆ ಹೇಳಲಿಲ್ಲ. ಅವಳ ಕಹಿ ಔಷಧಿ ಬರುತ್ತಲೇ ಇತ್ತು. ಹೆಂಡತಿ ಅದನ್ನು ಬಚ್ಚಲಿಗೆ ಸುರಿಯುತ್ತಿದ್ದಳು, ಅವನನ್ನೊಮ್ಮೆ ನೋಡಿ. ಮಾತ್ರೆ ಮಾತ್ರ ತನ್ನ ಕೆಲಸ ಮಾಡಿತು. ಈ ಸಲದ ವರದಿಯಲ್ಲಿ ಎಲ್ಲ ಅಂಕಿಗಳೂ ಹದಕ್ಕೆ ಬಂದಿದ್ದವು.

ಮರುದಿನ ಅಕ್ಕ ಅಂಗಡಿಗೇ ಸೀಸೆ ತಂದಳು. "ಇದೊಂದು ಕುಡಿಸೋ ಅವಳಿಗೆ."

"ಬೇಡಕ್ಕ. ಕೊರತೆ ಇದ್ದದ್ದು ನನ್ನಲ್ಲಿ. ತಲೆಯೊಳಗೆ ಗಂಟಿತ್ತು, ಈಗ ವಾಸಿಯಾಗ್ತಿದೆ."

ನೊರೆ ಮೆತ್ತಿದ ಗಿರಾಕಿ ಒಂದು ಕಣ್ಣು ತೆರೆದ.

"ಮೆತ್ತಗೆ ಮಾತಾಡೋ. ಜನ ಕೇಳಿಸ್ಕೋತಾರೆ."

"ಆರು ವರ್ಷ ಇದೇ ಜನ ಅವಳ ಸುದ್ದಿ ಕೇಳಿಸ್ಕೊಂಡಿಲ್ವಾ?"

"ಆದ್ರೂ ಗಂಡಸಿಗೆ ಒಂದು ಮರ್ಯಾದೆ ಅಂತ..."

ಅಕ್ಕ ಹೇಳುತ್ತಲೇ ಇದ್ದಳು. ಹೆಗಲ ಟವೆಲನ್ನು ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುವ ಹುಡುಗನ ಕೈಗಿಟ್ಟು, "ಇವರದು ನೀನು ಮುಗಿಸು," ಎಂದು ಅವನು, ಅಕ್ಕನಿಗೆ ಹೇಳಿಯಾಯಿತೆಂದು ಹೆಂಡತಿಗೆ ತಿಳಿಸಲು ಮನೆಯ ಕಡೆ ಹೊರಟ.