ಸಂಜೆಗೆ ವಾಪಸಾಗುವ ಟ್ಯಾಂಕುಗಳು

ನಮ್ಮತ್ತೆ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಯಾವಾಗ ಹೊರಡಬೇಕು, ಯಾವಾಗ ಮರಳಬೇಕು ಎಂದು ಮೈಕಿನಲ್ಲಿ ಕೂಗಿ ಹೇಳುವುದೇ ಅವರ ಉದ್ಯೋಗ. ನಿವೃತ್ತರಾದಾಗ ಮೈಕನ್ನು ಡಿಪೋಗೆ ಒಪ್ಪಿಸಿ ಬಂದರು, ಗಂಟಲನ್ನು ಮಾತ್ರ ಮನೆಗೆ ತಂದರು. ಈಗ ಹೊರಬಾಗಿಲ ಪಕ್ಕದ ಕುರ್ಚಿಯೇ ಅವರ ಕ್ಯಾಬಿನ್. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹೇಳದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ನನ್ನ ಗಂಡನಿಗೆ ಅರ್ಧ ತಲೆ ನರೆತಿದೆ. ಕ್ಷೌರಕ್ಕೆ ಹೊರಟರೂ ಮರಳುವ ಸಮಯ ಒಪ್ಪಿಸಿಯೇ ಚಪ್ಪಲಿ ಮೆಟ್ಟುತ್ತಾರೆ. ಕೊನೆಯವರು ಒಳಗೆ ಬಂದ ಮೇಲೆ ಅತ್ತೆ "ಎಲ್ಲಾ ಗಾಡಿ ಒಳಗೆ" ಎಂದು ಹೇಳಿ ಚಿಲಕ ಹಾಕುತ್ತಾರೆ.

ಅವರದು ಒಂದೇ ದೋಷ ಎಂದರೆ ಸುಳ್ಳಾದೀತು, ಆದರೆ ದೊಡ್ಡ ದೋಷ ಒಂದಿದೆ. ಎದುರಿನವರ ಮಾತು ಮುಗಿಯಲು ಬಿಡುವುದಿಲ್ಲ. ಆ ತಿಂಗಳು ನನಗೆ ಹೇಳಲೇಬೇಕಾದ ಮಾತೊಂದಿತ್ತು. ನಾನು ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ದೂರದ ಊರಿನಲ್ಲಿ ತೆರೆಯುವ ಹೊಸ ಪ್ರಯೋಗಾಲಯಕ್ಕೆ ನನ್ನನ್ನೇ ಮುಖ್ಯಸ್ಥೆ ಮಾಡುತ್ತೇವೆ ಎಂದಿದ್ದರು. ಸೋಮವಾರ ಹೋದರೆ ಶುಕ್ರವಾರ ಬರುವುದು. ಮಗಳು ಇನ್ನೂ ಒಂದನೇ ತರಗತಿ. ಅತ್ತೆ ಒಪ್ಪದೆ ಆಗುವ ಕೆಲಸವಲ್ಲ. "ಅತ್ತೆ, ಬೇರೆ ಊರಲ್ಲಿ" ಎಂದು ಶುರುಮಾಡಿದೆ ನೋಡಿ, ಬೇರೆ ಊರಿನ ರಸ್ತೆಗಳ ಹೊಂಡ, ಮುರಿದ ಆಕ್ಸಲ್ಲು, ಹೆದ್ದಾರಿಯಲ್ಲಿ ಕೂತು ಅತ್ತ ಕಂಡಕ್ಟರು ಎಲ್ಲ ಬಂದುಹೋದರು, ನನ್ನ ಮಾತು ಮಾತ್ರ ಬಾಯಲ್ಲೇ ಉಳಿಯಿತು. ನೀವಾದರೂ ಹೇಳಿ ಎಂದು ಗಂಡನನ್ನು ಕೇಳಿದರೆ, ನೀನೇ ಹೇಳಿದರೆ ಚೆನ್ನ ಎಂದು ಮೆಲ್ಲಗೆ ಜಾರಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೂ ಅವರಿಂದ ಒಂದು ಉಪಕಾರವಾಯಿತು. ಏದುಸಿರು ಬಿಡುತ್ತಿದ್ದ ನಮ್ಮ ಹಳೆಯ ಕಂಪ್ಯೂಟರಿಗೆ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಹಗುರ ವ್ಯವಸ್ಥೆ ಹಾಕಿ, ಪುಕ್ಕಟೆ ಸಿಕ್ಕ ಯುದ್ಧದ ಆಟವೊಂದನ್ನು ಇಳಿಸಿದರು. ಜೇನುಗೂಡಿನಂತೆ ಆರು ಮೂಲೆಯ ಮನೆಗಳ ನಕ್ಷೆ, ಅದರ ಮೇಲೆ ಟ್ಯಾಂಕು, ಹೆಲಿಕಾಪ್ಟರು, ಫಿರಂಗಿ. ಒಬ್ಬರು ತಮ್ಮ ಗಾಡಿಗಳನ್ನೆಲ್ಲ ನಡೆಸಿ 'ಸರದಿ ಮುಗಿಯಿತು' ಎಂಬ ಗುಂಡಿ ಒತ್ತಿದ ಮೇಲೆಯೇ ಇನ್ನೊಬ್ಬರ ಆಟ. ಅತ್ತೆಗೆ ಲಿನಕ್ಸ್ ಕೂಡಲೇ ಹಿಡಿಸಿತು. ಹೊಸದೇನಾದರೂ ಒಳಗೆ ತರಬೇಕಾದರೆ ಮೊದಲು ಪಾಸ್‌ವರ್ಡ್ ಕೇಳಿ ಅಪ್ಪಣೆ ಪಡೆಯುತ್ತದೆ, ಈ ಮನೆಯಲ್ಲಿ ಅಷ್ಟು ಮರ್ಯಾದೆ ಇನ್ಯಾರಿಗಿದೆ ಎಂದರು. ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರ ನೋಡಿ, ಇದೊಂದಾದರೂ ನೆಟ್ಟಗೆ ಯೂನಿಫಾರಂ ಹಾಕಿಕೊಂಡು ಡ್ಯೂಟಿಗೆ ಬಂದಿದೆ ಎಂದರು.

ಸಂಜೆ ಹೊತ್ತು ನಾವಿಬ್ಬರೂ ಎದುರಾಳಿಗಳಾಗಿ, ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೂತು ಆಡತೊಡಗಿದೆವು. ಅತ್ತೆ ಯುದ್ಧ ಮಾಡುವ ಚೆಂದವನ್ನು ಯಾವ ಸೇನಾಪತಿಯೂ ನೋಡಬಾರದು. ಹೆಲಿಕಾಪ್ಟರಿನಲ್ಲಿ ಸೈನಿಕರು ಭರ್ತಿಯಾಗದೆ ಹಾರಿಸುತ್ತಿರಲಿಲ್ಲ. ಟ್ಯಾಂಕುಗಳನ್ನು ನದಿಯ ಸೇತುವೆಯವರೆಗೆ ಸುತ್ತಾಡಿಸಿ, ಮತ್ತೆ ಒಂದೊಂದನ್ನೂ ನೆಲೆಗೆ ತಂದು ಸಾಲಾಗಿ ನಿಲ್ಲಿಸಿದ ಮೇಲೆಯೇ ಗುಂಡಿ ಒತ್ತುತ್ತಿದ್ದರು. ಗಾಡಿಗಳು ಮುಂದೆಯೇ ಇರಲಿ, ಸರದಿ ಮುಗಿಸಲು ಅವು ಮರಳಬೇಕಿಲ್ಲ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಗಾಡಿ ಹೊರಗೆ ಬಿಟ್ಟು ಡ್ಯೂಟಿ ಮುಗಿಸೋದಾ? ನಿದ್ದೆ ಬರುತ್ತಾ?" ಎಂದು ನನ್ನನ್ನೇ ಕೇಳಿದರು. ಡಿಪೋದಲ್ಲಿ ಹಾಲ್ಟಿಂಗ್ ಗಾಡಿ ಎಂದು ಕೆಲವಿದ್ದವು. ರಾತ್ರಿ ದೂರದ ಊರಿನಲ್ಲೇ ತಂಗಿ ಮರುದಿನ ಮರಳುವ ಬಸ್ಸುಗಳು. ಅವು ಹಿಂತಿರುಗುವವರೆಗೆ ಅತ್ತೆಗೆ ಅನ್ನ ಸೇರುತ್ತಿರಲಿಲ್ಲವಂತೆ. ಇತ್ತ ಅಷ್ಟೂ ಟ್ಯಾಂಕು ಒಟ್ಟಿಗೆ ನಿಂತ ಆ ನೆಲೆಯ ಮೇಲೆ ನುಗ್ಗುವ ಧೈರ್ಯ ನನಗಿಲ್ಲ. ಹೀಗಾಗಿ ತಿಂಗಳಾದರೂ ಒಂದು ಗುಂಡು ಹಾರಲಿಲ್ಲ.

ಪ್ರಯೋಗಾಲಯಕ್ಕೆ ಉತ್ತರ ಕೊಡಲು ಮರುದಿನವೇ ಕೊನೆ. ಆ ಸಂಜೆ ಅತ್ತೆ ಟ್ಯಾಂಕುಗಳನ್ನೆಲ್ಲ ಒಳಗೆ ತಂದು, ಗುಂಡಿ ಒತ್ತಿ ಎದ್ದರು. ನಾನು ಕೂತೆ, ಯಾವ ಗಾಡಿಯನ್ನೂ ಮುಟ್ಟಲಿಲ್ಲ. ನನ್ನ ಸರದಿ ನಡೆಯುವಾಗ ಅತ್ತೆ ತುಟಿ ಬಿಚ್ಚುವುದಿಲ್ಲ ಎಂಬುದು ಆಗ ಹೊಳೆಯಿತು. ಸರದಿ ಮುರಿಯುವುದು ಅವರ ಜಾಯಮಾನದಲ್ಲೇ ಇಲ್ಲ. ಪರದೆಯನ್ನೇ ನೋಡುತ್ತ ಹೇಳಲು ಶುರುಮಾಡಿದೆ. ಹೊಸ ಹುದ್ದೆ, ಸೋಮವಾರ, ಶುಕ್ರವಾರ, ಮಗಳ ಶಾಲೆ, ನನಗೆ ಎಷ್ಟು ಆಸೆಯಿದೆ, ಎಷ್ಟು ಹೆದರಿಕೆಯಿದೆ. ಅತ್ತೆ ನಡುವೆ ಬಾಯಿ ತೆರೆದರು, ಪರದೆ ನೋಡಿದರು, ಮುಚ್ಚಿದರು. ಮದುವೆಯಾದಂದಿನಿಂದ ಆ ಮನೆಯಲ್ಲಿ ನಾನು ಅಷ್ಟು ಮಾತನ್ನು ಒಟ್ಟಿಗೆ ಆಡಿರಲಿಲ್ಲ.

"ಮುಗೀತಾ ನಿನ್ನ ಸರದಿ?" ಎಂದರು.

ಮುಗಿಯಿತು ಎಂದು ಗುಂಡಿ ಒತ್ತಿ ಎದ್ದೆ.

ಅತ್ತೆ ಕೂತು ಮೌಸ್ ಹಿಡಿದರು. ಟ್ಯಾಂಕುಗಳು ಎಂದಿನಂತೆ ಹೋದವು, ಬಂದವು. ಒಂದನ್ನು ಮಾತ್ರ ಸೇತುವೆ ದಾಟಿಸಿ ನನ್ನ ಫಿರಂಗಿಯ ಎದುರಿಗೇ ನಿಲ್ಲಿಸಿದರು. ಮರೆತರೇನೋ ಎಂದು ಬೆರಳು ಮಾಡಿ ತೋರಿಸಿದೆ.

"ಅದು ಹಾಲ್ಟಿಂಗ್ ಗಾಡಿ. ಶುಕ್ರವಾರ ಬರುತ್ತೆ," ಎಂದು ಗುಂಡಿ ಒತ್ತಿಬಿಟ್ಟರು.

ಮಗುವನ್ನು ಶಾಲೆಗೆ ತಾವೇ ಬಿಡುವುದಾಗಿಯೂ, ದಿನಾ ಸಂಜೆ ನಾನು ರೂಮು ಸೇರಿದ ಸುದ್ದಿ ಫೋನಿನಲ್ಲಿ ಬಾರದಿದ್ದರೆ ಬಸ್ಸು ಹತ್ತಿ ಬಂದೇಬಿಡುವುದಾಗಿಯೂ ಆಮೇಲೆ ಹೇಳಿದರು. ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದ ಗಂಡ ಹೊರಗೆ ಬಂದು, ನಾನೂ ಅದನ್ನೇ ಹೇಳೋಣ ಅಂತಿದ್ದೆ ಎಂದರು. ಅತ್ತೆ ಸೊಸೆ ಇಬ್ಬರೂ ಅವರತ್ತ ನೋಡಿದೆವು. ಅವರು ಲೋಟ ತೊಳೆಯಲು ವಾಪಸ್ಸು ಹೋದರು.

ನನಗೆ ಕಣ್ಣು ತುಂಬಿ ನಕ್ಷೆಯೆಲ್ಲ ಮಸುಕಾಗಿತ್ತು. ಆ ಒಂಟಿ ಟ್ಯಾಂಕಿಗೆ ಒಂದು ಗುಂಡು ಸಾಕಿತ್ತು. ಇಡೀ ತಿಂಗಳು ಇದಕ್ಕೇ ಕಾದಿದ್ದೆ. ಕೈ ಬರಲಿಲ್ಲ. ಏನೂ ಮಾಡದೆ ಸರದಿ ಮುಗಿಸಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಕೂತು, ಅದೇ ಟ್ಯಾಂಕಿನಿಂದ ನನ್ನ ಫಿರಂಗಿಯನ್ನು ಧೂಳೀಪಟ ಮಾಡಿದರು.

"ಅತ್ತೆ, ನಾನು ನಿಮ್ಮನ್ನ ಸುಮ್ನೆ ಬಿಟ್ಟಿದ್ದೆ," ಎಂದೆ.

"ಡ್ಯೂಟಿ ಮೇಲೆ ಹೋದ ಗಾಡಿ ಸುಮ್ನೆ ನಿಂತಿರಬಾರದು," ಎಂದರು ಅತ್ತೆ. "ನೀನೂ ಅಲ್ಲಿ ಹೋಗಿ ಸುಮ್ನೆ ನಿಂತ್ಕೋಬೇಡ."