ಕಪ್ಪಿನ ಹಿಡಿಗೆ ಬೇಕಾದ ಅಂಟು

ಪುತ್ತೂರಿನ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದ ಗೆಳತಿ ಮದುವೆಯಾಗಿ ಹೋಗುವಾಗ ತನ್ನ ಪಿಂಗಾಣಿ ಕಪ್ಪನ್ನು ಇಲ್ಲೇ ಬಿಟ್ಟಿದ್ದಳು. ‘ಬಂದಾಗ ಚಾ ಕುಡಿಲಿಕ್ಕೆ ಬೇಕಲ್ಲ’ ಎಂದಿದ್ದಳು. ಮಳೆಗಾಲ ಕಳೆದರೂ ಬರಲಿಲ್ಲ. ಕೊನೆಗೊಮ್ಮೆ, ಭಾನುವಾರ ಬರುತ್ತೇನೆಂದು ಫೋನು ಮಾಡಿದಳು. ತೊಳೆದಿಡೋಣವೆಂದು ಕಪ್ಪನ್ನು ಎತ್ತಿದರೆ ಹಿಡಿ ಕಳಚಿ ಬಂತು. ಅವಳದೆಂಬ ವಸ್ತು ಕೋಣೆಯಲ್ಲಿ ಅದೊಂದೇ ಇತ್ತು. ಅವಳು ಬರುವ ಮೊದಲು ಸರಿಮಾಡಲೇಬೇಕಿತ್ತು.

ಹಾರ್ಡ್‌ವೇರ್ ಅಂಗಡಿಯಲ್ಲಿ, ತಕ್ಷಣ ಹಿಡಿಯುವ ಅಂಟಿನ ಸಣ್ಣ ಟ್ಯೂಬು ಕೇಳಿದೆ.

‘ಎಂತ ತುಂಡಾದ್ದು ಮೇಡಂ?’

‘ಚಾದ ಕಪ್ಪಿನ ಹಿಡಿ.’

‘ಹಾಗಾದ್ರೆ ಅದು ಬೇಡ ಮಾರಾಯ್ರೆ. ಬಿಸಿ ತಾಗಿದ್ರೆ ಬಿಡ್ತದೆ. ಹಿಡಿ ಕೈಯಲ್ಲಿ ಉಳೀತದೆ, ಚಾ ನೆಂಟರ ಮಡಿಲಿಗೆ!’

ಅಂಗಡಿಯವರು ಎರಡು ಟ್ಯೂಬು ಕಲಸಿ ಹಚ್ಚುವ ಅಂಟು ಕೊಟ್ಟರು. ‘ಸಮ ಸಮ ಕಲಸಿ. ಒಬ್ರು ಒತ್ತಿ ಹಿಡಿರಿ, ಇನ್ನೊಬ್ರು ದಾರ ಸುತ್ತಿ. ನಾಳೆವರೆಗೆ ಅಲ್ಲಾಡಿಸ್ಲಿಕ್ಕಿಲ್ಲ.’

ಒಡೆದ ಅಂಚನ್ನು ಒರೆಸಿ, ಒಣಗಿಸಿ, ಅಂಟು ಹಚ್ಚಿದೆ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುತ್ತಲು ನೋಡಿದರೆ ಹಿಡಿ ಜಾರುತ್ತಲೇ ಇತ್ತು. ಕೊನೆಗೆ ಕುಚ್ಚಲಕ್ಕಿಯ ಡಬ್ಬದಲ್ಲಿ ಕಪ್ಪನ್ನು ಅಡ್ಡಲಾಗಿ ಅರ್ಧ ಹೂತು, ಹಿಡಿಯನ್ನು ಮೇಲೆ ಕೂರಿಸಿದೆ. ತನ್ನ ಭಾರಕ್ಕೆ ತಾನೇ ನಿಂತಿತು. ಸಂಜೆಯ ಗಂಜಿಗೆ ಬೇಕಾದ ಅಕ್ಕಿಯೂ ಅದೇ ಡಬ್ಬದಲ್ಲಿದೆ ಎಂಬುದು ಆಮೇಲೆ ಹೊಳೆಯಿತು.

‘ಊಟ ಆಯ್ತಾ?’ ಕೆಳಗಿನಿಂದ ಮನೆಯೊಡತಿ ಕೇಳಿದರು.

‘ಆಯ್ತು ಅಕ್ಕ’ ಎಂದು, ಒಣ ಅವಲಕ್ಕಿ ತಿಂದೆ.

ಭಾನುವಾರ ಅವಳು ಬಂದಳು. ಅದೇ ಕಪ್ಪಿನಲ್ಲಿ ಚಾ ಕೊಟ್ಟೆ. ಗಂಡನ ಮನೆಯ ಸುದ್ದಿ ಹೇಳುತ್ತಾ ಹೋದಳು. ನನ್ನ ಕಣ್ಣು ಅವಳ ಬೆರಳುಗಳ ಮೇಲಿತ್ತು. ಅವಳು ಹಿಡಿಯನ್ನು ಮುಟ್ಟಲೇ ಇಲ್ಲ. ಎರಡೂ ಅಂಗೈಯಿಂದ ಕಪ್ಪನ್ನು ಬಳಸಿಕೊಂಡು ಕುಡಿದಳು. ಯಾವಾಗಲೂ ಹಾಗೆಯೇ ಕುಡಿಯುತ್ತಿದ್ದಳು. ಅದು ನನಗೆ ಮರೆತೇ ಹೋಗಿತ್ತು.

ಹೊರಡುವ ಮೊದಲು ಕಪ್ಪನ್ನು ತಾನೇ ತೊಳೆದಳು. ‘ಇದನ್ನು ತಕೊಂಡು ಹೋಗ್ಲಾ ಮಾರಾಯ್ತಿ? ಅಲ್ಲಿ ಎಲ್ಲ ಉಂಟು. ನಂದು ಅಂತ ಒಂದು ಲೋಟ ಇಲ್ಲ.’

ಬೇಡವೆನ್ನಲು ಆಗಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟೆ.

‘ಹಿಡಿ ಅಂಟಿಸಿದ್ದು. ಬಿಸಿನೀರಲ್ಲಿ ನೆನೆ ಹಾಕ್ಬೇಡ.’

‘ಹೌದಾ? ಗೊತ್ತೇ ಆಗುದಿಲ್ಲ.’

ಸುಳ್ಯದ ಬಸ್ಸಿನಲ್ಲಿ ಅವಳಿಗೆ ಕಿಟಕಿ ಬದಿಯ ಸೀಟು ಸಿಕ್ಕಿತು. ಬಸ್ಸು ಹೊರಟಾಗ ನಾನು ಕೈ ಬೀಸಿದೆ. ಅವಳು ತಲೆಯಾಡಿಸಿದಳು ಅಷ್ಟೇ; ಮಡಿಲಲ್ಲಿದ್ದ ಗಂಟಿನಿಂದ ಕೈ ತೆಗೆಯಲಿಲ್ಲ.